ಮಾಜಿ ಧರ್ಮಪತ್ನಿಯ ಸೋದರಮಾವ

ಕಂಪ್ಲಿ
೧೨ ಜೂನ್ ೨೦೨೩

ಚಿ. ಸುಮಲತಾಳಿಗೆ ನಿನ್ನ ಗುಡ್ಡಪ್ಪ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಅತ್ತೆ ಚೆನ್ನಬಸಮ್ಮ, ನಮ್ಮ ಎಮ್ಮೆ, ಮೂವರೂ ಆರಾಮಾಗಿದ್ದೇವೆ. ಮೂವರಲ್ಲಿ ಎಮ್ಮೆ ಹೆಚ್ಚು ಆರಾಮಾಗಿದೆ. ಅದಕ್ಕೆ ನಿನ್ನ ಅತ್ತೆ ಬೈಯುವುದಿಲ್ಲ.

ಇನ್ನು ಮೇಲೆ ಫೋನಿನಲ್ಲಿ ಮಾತಿಲ್ಲ, ಏನಿದ್ದರೂ ಕಾಗದ ಬರೆ ಎಂದು ಆಜ್ಞೆ ಮಾಡಿದ್ದೀಯ. ನಾನು ಫೋನನ್ನು ಸ್ಪೀಕರಿಗೆ ಹಾಕುತ್ತೇನೆ, ನೀನು ಕೆಮ್ಮಿದರೂ ವೆಂಕಟೇಶನ ಚಹಾದಂಗಡಿಯಲ್ಲಿ ಕೂತವರು "ಯಾಕವ್ವ, ನೆಗಡಿ ಏನು?" ಎಂದು ಕೇಳುತ್ತಾರೆ ಎಂಬುದು ನಿನ್ನ ತಕರಾರು. ನನಗೆ ಎಂಥ ಅಕ್ಕನ ಮಗಳಿದ್ದಾಳೆ ಎಂದು ನಾಲ್ಕು ಜನಕ್ಕೆ ಕೇಳಿಸಿದರೆ ತಪ್ಪೇನು? ಇರಲಿ. ಬರೆಯುವುದಕ್ಕೆ ನಾನು ಹೆದರುವವನಲ್ಲ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಆ ಕಾಲದ ಏಳನೇ ಕ್ಲಾಸು ಈಗಿನ ಎಂ.ಎ.ಗೆ ಸಮ. ನಮ್ಮ ಮೇಷ್ಟ್ರು ಒಮ್ಮೆ ನನ್ನ ಅಕ್ಷರ ನೋಡಿ ಕಣ್ಣೀರು ಹಾಕಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಚಿತ್ತವಾಡ್ಗಿಯ ಶಾಲೆಯಲ್ಲಿ ನಿನ್ನನ್ನು ಪ್ರೈಮರಿಗೆ ಹೆಡ್ ಮಿಸ್ ಮಾಡಿದರಂತೆ. ಕೇಳಿ ನನ್ನ ಎದೆ ಎರಡು ಗೇಣು ಅಗಲವಾಯಿತು. ಎರಡು ವರ್ಷದ ಹಿಂದೆ, ಟೀವಿ ಅಳಿಯನ ಸಂಗಡ ಕೋರ್ಟಿನಲ್ಲಿ ಎಲ್ಲ ಮುಗಿಸಿಕೊಂಡು, ಎರಡು ಬ್ಯಾಗು ಹಿಡಿದು ನೀನು ನಮ್ಮ ಬಾಗಿಲಿಗೆ ಬಂದದ್ದು ಕಣ್ಣಿಗೆ ಕಟ್ಟಿದಂತಿದೆ. ಮೂರು ದಿನ ಎದ್ದೇಳಲಿಲ್ಲ. ನಾಲ್ಕನೇ ದಿನ ನಿನ್ನ ಅತ್ತೆ ಮಂಡಾಳು ಒಗ್ಗರಣೆ ಹಾಕಿದ ವಾಸನೆಗೆ ಎದ್ದು ಬಂದು ಎರಡು ತಟ್ಟೆ ತಿಂದೆ. ಆಗ ನಾನು ನಿನ್ನ ಅತ್ತೆಗೆ ಹೇಳಿದೆ, "ಹುಡುಗಿ ಉಳದ್ಲು."

ಈಗ ನಿನಗಾಗಿ ಒಂದು ಸಣ್ಣ ಕೆಲಸ ಮಾಡಿಸಿದ್ದೇನೆ. ಸಣ್ಣದು ಎಂದರೆ ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ. ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ತಲೆ ಎತ್ತಿ ನೋಡು.

ನಿನ್ನ ಮಾವ,
ಗುಡ್ಡಪ್ಪ


ಚಿತ್ತವಾಡ್ಗಿ, ಹೊಸಪೇಟೆ
೨೩ ಜೂನ್ ೨೦೨೩

ಮಾವ,

ತಲೆ ಎತ್ತಿ ನೋಡಲು ನಾನು ಕಂಪ್ಲಿಗೆ ಬರಬೇಕಾಗಲಿಲ್ಲ. ನಿನ್ನ ಫ್ಲೆಕ್ಸು ನಮ್ಮ ಸ್ಟಾಫ್ ರೂಮಿಗೇ ಬಂತು, ಹಿಂದಿ ಮಿಸ್ ಅವರ ಫೋನಿನಲ್ಲಿ.

"ಖ್ಯಾತ ಟೀವಿ ನಿರೂಪಕರ ಮಾಜಿ ಧರ್ಮಪತ್ನಿ, ಕಂಪ್ಲಿಯ ಹೆಮ್ಮೆಯ ಪುತ್ರಿ ಶ್ರೀಮತಿ ಸುಮಲತಾ ಅವರು ಹೆಡ್ ಮಿಸ್ ಆಗಿ ಬಡ್ತಿ ಹೊಂದಿದ ಪ್ರಯುಕ್ತ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ಸೋದರಮಾವ ಗುಡ್ಡಪ್ಪ ಮತ್ತು ಗೆಳೆಯರ ಬಳಗ."

ನನ್ನ ಫೋಟೋ ಅಂಗೈಯಷ್ಟು. ನಿನ್ನದು ಆಳೆತ್ತರ, ಕಪ್ಪು ಕನ್ನಡಕ, ಕಿವಿಗೆ ಫೋನು. ಮಾಜಿ ಎಂಎಲ್‌ಎ ಇರುತ್ತಾರೆ, ಮಾಜಿ ಸೈನಿಕರಿರುತ್ತಾರೆ. ಮಾಜಿ ಧರ್ಮಪತ್ನಿ ಎಂದು ಬರೆಸಿದ್ದನ್ನು ನಾನು ಎಲ್ಲಿಯೂ ನೋಡಿರಲಿಲ್ಲ.

ಸುಳ್ಳು ಹೇಳುವುದಿಲ್ಲ ಮಾವ, ನಗು ಬಂತು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ಆಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಎರಡು ವರ್ಷ ಇಲ್ಲಿ ನಾನು ಬರೀ ಸುಮಾ ಮಿಸ್ ಆಗಿದ್ದೆ. ತರಕಾರಿಯವಳಿಗೆ ನಾನು ಯಾರ ಹೆಂಡತಿಯಾಗಿದ್ದೆ ಎಂದು ಗೊತ್ತಿರಲಿಲ್ಲ. ನಿನ್ನೆ ಬೆಂಗಳೂರಿನ ಯಾವುದೋ ಯೂಟ್ಯೂಬ್ ಚಾನೆಲ್ಲಿನವರು ಶಾಲೆಗೆ ಫೋನ್ ಮಾಡಿ, "ಮೇಡಮ್ ಈಗ ಹೇಗಿದ್ದಾರೆ?" ಎಂದು ಕೇಳಿದರಂತೆ. ನಿನ್ನ ಟೀವಿ ಅಳಿಯನ ಕಾರ್ಯಕ್ರಮಕ್ಕೆ ಹತ್ತು ವರ್ಷ ತುಂಬುತ್ತದೆ, ಅದಕ್ಕೆ ನಾನು ಬೇಕು.

ದಯವಿಟ್ಟು ಅದನ್ನು ಇಳಿಸು. ನಿನಗೆ ಇನ್ನೊಂದು ವಿಷಯ ಹೇಳಬೇಕೆಂದಿದ್ದೆ, ಎದುರಿಗೆ ಕೂತು. ಈಗ ಬೇಡ.

ಸುಮಲತಾ


ಕಂಪ್ಲಿ
೩೦ ಜೂನ್ ೨೦೨೩

ಚಿ. ಸುಮಲತಾಳಿಗೆ ಆಶೀರ್ವಾದಗಳು.

ಇಳಿಸಿದೆ. ಕೂಲಿಯವರನ್ನು ಕರೆಯಲಿಲ್ಲ, ನಾನೇ ಏಣಿ ಹತ್ತಿದೆ. ಅರವತ್ತೆರಡನೇ ವಯಸ್ಸಿನಲ್ಲಿ ಆ ಎತ್ತರಕ್ಕೆ ಹತ್ತುವವರು ಈ ತಾಲ್ಲೂಕಿನಲ್ಲಿ ನಾನೊಬ್ಬನೇ. ಕೆಳಗಿನಿಂದ ವೆಂಕಟೇಶ, "ಲೇ ಗುಡ್ಡ, ಹುಷಾರ್! ಬಿದ್ರ ನಿನಗ ಫ್ಲೆಕ್ಸ್ ಹಾಕ್ಸೋರು ಯಾರೂ ಇಲ್ಲ!" ಎಂದು ಕೂಗುತ್ತಿದ್ದ. ಫ್ಲೆಕ್ಸನ್ನು ಮೇವಿನ ಬಣವೆಗೆ ಹೊದಿಸಿದ್ದೇನೆ, ಅಕ್ಷರ ಕೆಳಗಾಗಿ.

ನನ್ನದು ತಪ್ಪು. ಈ ಮಾತನ್ನು ನಾನು ಬರೆದದ್ದು ಇದೇ ಮೊದಲು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಆದರೆ ನನ್ನ ಹೊಟ್ಟೆಯೊಳಗಿನದನ್ನೂ ಕೇಳು. ನಿನ್ನ ಮದುವೆಯಲ್ಲಿ ಬಾಗಿಲಿಗೆ ಕಟ್ಟಿದ ಬೋರ್ಡಿನಲ್ಲಿ ಅವನ ಹೆಸರು ಆನೆಯಷ್ಟು, ನಿನ್ನದು ಇರುವೆಯಷ್ಟು. ನನ್ನ ಅಕ್ಕ ವಿರುಪಮ್ಮ ನಿನ್ನನ್ನು ಹತ್ತು ವರ್ಷದವಳಿದ್ದಾಗ ನನ್ನ ಕೈಗೆ ಕೊಟ್ಟು ಹೋದಳು. ಅವಳ ಮಗಳ ಹೆಸರನ್ನು ಒಂದು ಸಲವಾದರೂ ದೊಡ್ಡದಾಗಿ ಬರೆಸಬೇಕೆಂದು ಆಸೆಯಿತ್ತು. ಬರೆಸುವಾಗ ಪಕ್ಕದಲ್ಲಿ ಅವನ ಪದವಿ ಸೇರಿಸಿದರೆ ಜನ ನಿಂತು ಓದುತ್ತಾರೆ ಅನಿಸಿತು. ಓದಿದರು. ಅದೇ ಕೆಟ್ಟದ್ದು.

ಇನ್ನೊಂದು ವಿಷಯ ಎಂದೆಯಲ್ಲ, ಏನದು? ನಿನ್ನ ಕಾಗದ ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಅಂದರೆ, ಎರಡನೇ ಸಲ ಬಡಿಸಿಕೊಳ್ಳುತ್ತಿಲ್ಲ.

ನಿನ್ನ ಮಾವ,
ಗುಡ್ಡಪ್ಪ


ಚಿತ್ತವಾಡ್ಗಿ
೧೬ ಜುಲೈ ೨೦೨೩

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ಏಣಿ ಹತ್ತಬೇಡ. ಅತ್ತೆಗೆ ನಾನು ಉತ್ತರ ಹೇಳಬೇಕಾಗುತ್ತದೆ.

ವಿಷಯ ಇದು. ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಜಂಬುನಾಥ ಎಂಬವರಿದ್ದಾರೆ. ದಿನವೂ ನೀರಿನ ಮಟ್ಟ ನೋಡಿ ಬರೆದುಕೊಳ್ಳುವುದು ಅವರ ಕೆಲಸ. ನಾಲ್ಕು ವರ್ಷದ ಹಿಂದೆ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಮಗಳು ಕಾವ್ಯ ಹೋದ ವರ್ಷ ನನ್ನ ಒಂದನೇ ಕ್ಲಾಸಿನಲ್ಲಿದ್ದಳು. ಅಪ್ಪನಿಗೆ ಜಡೆ ಹಾಕಲು ಬರುತ್ತಿರಲಿಲ್ಲ; ಒಂದು ಜಡೆ ಹಂಪಿ ಕಡೆಗೆ, ಒಂದು ಸಂಡೂರಿನ ಕಡೆಗೆ. ನಾನು ಪ್ರಾರ್ಥನೆಗೆ ಮುಂಚೆ ಬಿಚ್ಚಿ ಹೆಣೆಯುತ್ತಿದ್ದೆ. ಒಂದು ದಿನ ಕೂದಲು ಕೆದರಿಕೊಂಡೇ ಬಂದಳು. "ಅಪ್ಪ ಅಂದ್ರು, ಹೆಂಗಿದ್ರೂ ಮಿಸ್ ಬಿಚ್ತಾರ, ನಾ ಯಾಕ ಹಾಕ್ಲಿ ಅಂತ."

ಅಲ್ಲಿಂದ ಶುರುವಾಯಿತು. ಅವರು ದಿನಕ್ಕೆ ನಾಲ್ಕು ಮಾತಾಡುತ್ತಾರೆ. ಅದರಲ್ಲಿ ಎರಡು ನೀರಿನದ್ದು.

ಮಾವ, ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೀವಿಯಲ್ಲಿ ಅವರು ಗಂಡ ಹೆಂಡಿರನ್ನು ಕೂರಿಸಿಕೊಂಡು ನಗಿಸುತ್ತಿದ್ದರಲ್ಲ, ಆ ನಗೆಯೆಲ್ಲ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಭಾನುವಾರ ಜಗಳವಾದರೆ ಮುಂದಿನ ಭಾನುವಾರ ಚಪ್ಪಾಳೆ. ಹೆಸರು ಹೇಳುತ್ತಿರಲಿಲ್ಲ, "ನಮ್ಮ ಮನೆಯಾಕೆ" ಎನ್ನುತ್ತಿದ್ದರು. ಹೊಟ್ಟೆಯಲ್ಲಿದ್ದದ್ದು ನಿಲ್ಲದೆ ಹೋದಾಗ ನಾನು ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುತ್ತಾ ಅತ್ತಿದ್ದೆ. ಅದನ್ನೂ, ಕಾರಣ ಬಿಟ್ಟು, ನಗುವಂತೆ ಹೇಳಿದರು. ಅವರು ಕೆಟ್ಟವರಲ್ಲ. ಅವರಿಗೆ ಮನೆಯಲ್ಲಿಯೂ ಪ್ರೇಕ್ಷಕರು ಬೇಕಿತ್ತು. ನಾನು ಒಬ್ಬಳೇ ಇದ್ದೆ, ಸಾಲಲಿಲ್ಲ.

ಈಗಿನ ತೊಡಕು ಸಂಡೂರಿನಲ್ಲಿದೆ. ಕಾವ್ಯಳ ತಾಯಿಯ ತಾಯಿ, ಮರುಳಸಿದ್ದಮ್ಮ. ಅವರ ಮನೆತನದಲ್ಲಿ ತೀರಿಕೊಂಡ ಮಗಳ ಜಾಗಕ್ಕೆ ಬರುವವಳಿಗೆ ಆ ತಾಯಿಯೇ ಉಡಿ ತುಂಬಬೇಕು. ತುಂಬಿದರೆ ಬಂದವಳು ಮಗಳಾಗುತ್ತಾಳೆ. ತುಂಬದಿದ್ದರೆ ಮದುವೆ ಬೇಡ ಎಂದು ಜಂಬುನಾಥರೇ ಹೇಳಿದ್ದಾರೆ. ಹೋಗಿ ಕಂಡೆವು. ಅವರು ನೇರವಾಗಿ ಹೇಳಿದರು: "ನೀ ಒಳ್ಳೆಯಾಕಿ ಇರಬಹುದವ್ವ. ಆದ್ರ ನಿನ್ನ ಬೆನ್ನಿಗೆ ಟೀವಿ ಐತಿ. ನನ್ನ ಮೊಮ್ಮಗಳ ಹೆಸರು ಆ ಡಬ್ಬ್ಯಾಗ ಬಂದ್ರ, ಅವತ್ತs ಆಕೀನ್ನ ಕರ್ಕೊಂಡು ಬಂದುಬಿಡ್ತೀನಿ." ಅಧಿಕ ಮಾಸ ಕಳೆದ ಮೇಲೆ ತೀರ್ಮಾನ ಹೇಳುತ್ತಾರೆ.

ಅಲ್ಲಿಯವರೆಗೆ ಈ ವಿಷಯ ಯಾರಿಗೂ ಬೇಡ. ಅತ್ತೆಗೂ. ನಿನ್ನಿಂದ ಆಗುತ್ತದೆಯೇ?

ಸುಮಲತಾ


ಕಂಪ್ಲಿ
೧ ಆಗಸ್ಟ್ ೨೦೨೩

ಸುಮಲತಾ,

ಬಟ್ಟೆ ಮಡಿಸುತ್ತಾ ಅಳುವ ಮನೆಯಾಕೆಯ ಆ ಪ್ರಸಂಗವನ್ನು ನಾನು ನೋಡಿದ್ದೇನೆ. ವೆಂಕಟೇಶನ ಅಂಗಡಿಯಲ್ಲಿ ಹತ್ತು ಜನರನ್ನು ಕರೆದು ಕೂರಿಸಿಕೊಂಡು ನೋಡಿದ್ದೆ. "ನಮ್ಮ ಅಳಿಯ ಹೆಂಗ ನಗಸ್ತಾನ ನೋಡ್ರಿ" ಎಂದಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಇದರ ಬಗ್ಗೆ ಇನ್ನು ಬರೆಯಲಾರೆ.

ಗುಟ್ಟು ಭದ್ರವಾಗಿದೆ. ಆದರೆ ಅದು ಹೊಟ್ಟೆಯಲ್ಲಿ ಕರುವಿನಂತೆ ಒದೆಯುತ್ತದೆ. ಬಾಯಿ ತೆರೆದರೆ ಹೊರಬಿದ್ದೀತು ಎಂದು ಹದಿನೈದು ದಿನದಿಂದ ಚಹಾದಂಗಡಿಯಲ್ಲಿ ಸುಮ್ಮನೆ ಕೂರುತ್ತೇನೆ. ನಿನ್ನ ಅತ್ತೆಗೆ ಗಾಬರಿಯಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. "ಏನ್ ತ್ರಾಸು?" ಎಂದರು ಡಾಕ್ಟರು. "ಮಾತಾಡವಲ್ರು ಸಾಹೇಬ್ರ" ಎಂದಳು. ಡಾಕ್ಟರಿಗೆ ನಾನು ಗೊತ್ತು. ನನ್ನನ್ನು ಒಂದು ಸಲ ನೋಡಿ, "ಇದಕ್ಕ ಔಷಧ ಬ್ಯಾಡವ್ವ, ಇದs ಔಷಧ" ಎಂದರು.

ಆ ಹುಡುಗಿಯ ಜಡೆ ಬಿಗಿಯಾಗಿ ಹಾಕು. ನಿನಗೆ ನಾನೂ ಹಾಕುತ್ತಿದ್ದೆ, ನೆನಪಿದೆಯೇ? ಕಂಪ್ಲಿಯಲ್ಲೇ ಅಂಥ ಜಡೆ ಇರಲಿಲ್ಲ.

ಗುಡ್ಡಪ್ಪ ಮಾವ


ಚಿತ್ತವಾಡ್ಗಿ
೨೨ ಆಗಸ್ಟ್ ೨೦೨೩, ಬೆಳಿಗ್ಗೆ

ಮಾವ,

ಟಪಾಲಿಗೆ ಕಾಯುವಷ್ಟು ಸಮಯವಿಲ್ಲ. ಕಂಪ್ಲಿ ಬಸ್ಸಿನ ಕಂಡಕ್ಟರ್ ಮೂಕಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ.

ಚಾನೆಲ್ಲಿನವರು ನಿನ್ನೆ ಶಾಲೆಯ ಗೇಟಿಗೆ ಬಂದಿದ್ದರು. ವಾಚ್‌ಮನ್ ಒಳಗೆ ಬಿಡಲಿಲ್ಲ. "ಮೇಡಮ್ ಮತ್ತೆ ಮದುವೆ ಆಗ್ತಿದ್ದಾರಂತೆ, ಹುಡುಗ ಯಾರು?" ಎಂದು ಅವನನ್ನೇ ಕೇಳಿದ್ದಾರೆ. ಗೊತ್ತಿದ್ದು ಕೇಳಿದರೋ, ಗಾಳಿಗೆ ಕಲ್ಲು ಹೊಡೆದರೋ ತಿಳಿಯದು. ಫ್ಲೆಕ್ಸಿನಲ್ಲಿ ನಿನ್ನ ಹೆಸರಿದೆ. ಇವತ್ತು ಕಂಪ್ಲಿಗೆ ಬರುತ್ತಾರಂತೆ.

ನೀನು ಯಾರಿಗೂ ಹೇಳಿಲ್ಲ ಎಂದು ನನಗೆ ಗೊತ್ತು. ಮುಂದಿನ ವಾರ ಮರುಳಸಿದ್ದಮ್ಮನವರು ಬರಹೇಳಿದ್ದಾರೆ. ಕೈ ಮುಗಿಯುತ್ತೇನೆ ಮಾವ, ಇವತ್ತೊಂದು ದಿನ.

ಸುಮಲತಾ


ಕಂಪ್ಲಿ
೨೪ ಆಗಸ್ಟ್ ೨೦೨೩

ಚಿ. ಸುಮಲತಾಳಿಗೆ ಆಶೀರ್ವಾದಗಳು.

ಬಂದರು. ಮೈಕು ಹಿಡಿದ ಒಬ್ಬ ಹುಡುಗಿ, ಕ್ಯಾಮೆರಾದ ಇಬ್ಬರು. ನಾನು ವೆಂಕಟೇಶನ ಅಂಗಡಿಯಲ್ಲಿ ನಿನ್ನ ಚೀಟಿ ಓದಿ ಜೇಬಿಗೆ ಹಾಕಿದ್ದೆನಷ್ಟೆ. ಆ ಹುಡುಗಿ, "ಸರ್, ನಾಳೆ ಇಡೀ ರಾಜ್ಯ ನಿಮ್ಮನ್ನ ನೋಡತ್ತೆ" ಎಂದಳು. ಅರವತ್ತೆರಡು ವರ್ಷ ನಾನು ಕಾದದ್ದು ಈ ಮಾತಿಗೆ. ಕೂದಲು ಬಾಚಿಕೊಂಡೆ.

ಮೊದಲು ಅವರ ದಾರಿ ತಪ್ಪಿಸಲು ನೋಡಿದೆ. ತುಂಬಿದ ಹೊಳೆಯಲ್ಲಿ ಹರಿಗೋಲು ನಡೆಸಿದ್ದು, ಮೊಸಳೆ ನನ್ನನ್ನು ಕಂಡು ಹಿಂದೆ ಸರಿದದ್ದು, ನನ್ನ ಗದ್ದೆಯ ಭತ್ತ ನೋಡಲು ಪರದೇಶದವರು ಬಂದದ್ದು, ಎಲ್ಲ ಹೇಳಿದೆ. ಮರ್ಯಾದೆಯಿಂದ ಇಪ್ಪತ್ತು ನಿಮಿಷ ಕೇಳಿಸಿಕೊಂಡಳು. ಆಮೇಲೆ ಮೈಕನ್ನು ಬಾಯಿಯ ಹತ್ತಿರ ತಂದು, "ಸುಮಲತಾ ಮೇಡಮ್ ಎರಡನೇ ಮದುವೆ ಆಗ್ತಿರೋದು ನಿಜಾನಾ ಸರ್?" ಎಂದಳು.

ಸುಮಿ, ಆಗ ನನ್ನ ತಲೆ ಓಡಿದಂತೆ ಎಂದೂ ಓಡಿಲ್ಲ. ಇಲ್ಲ ಎಂದರೆ ಹೌದು ಎಂದು ಹಾಕುತ್ತಾರೆ. ಗೊತ್ತಿಲ್ಲ ಎಂದರೆ ಮಾವ ಮುಚ್ಚಿಡುತ್ತಿದ್ದಾನೆ ಎನ್ನುತ್ತಾರೆ. ನಾನು ನಿನ್ನ ಮಾವನಾಗಿರುವ ತನಕ ಅವರು ಇಲ್ಲಿಂದ ಏಳುವುದಿಲ್ಲ.

"ನನಗೇನವ್ವ ಗೊತ್ತು? ಆಕಿ ನನಗ ಏನೂ ಅಲ್ಲ" ಎಂದೆ.

"ಮತ್ತೆ ಆ ಫ್ಲೆಕ್ಸು? ಸೋದರಮಾವ ಅಂತ ಇತ್ತಲ್ಲ?"

"ದೊಡ್ಡೋರ ಹೆಸರಿನ ಬಾಜೂಕ ನನ್ನ ಫೋಟೋ ಬರ್ಲಿ ಅಂತ ಹಾಕ್ಸಿದ್ದೆ. ಹೋದ ವರ್ಷ ಒಬ್ಬ ಕ್ರಿಕೆಟ್ ಆಡೋನಿಗೂ ಹಾಕ್ಸಿದ್ದೆ, ನಮ್ಮ ಅಳಿಯ ಅಂತ."

ಆ ಹುಡುಗಿ ನಂಬಲಿಲ್ಲ. ಮೈಕನ್ನು ಅಂಗಡಿಯ ಕಡೆ ತಿರುಗಿಸಿ, "ಇವರು ಹೇಳ್ತಿರೋದು ನಿಜಾನಾ?" ಎಂದಳು.

ಅಲ್ಲಿ ಕೂತಿದ್ದವರಲ್ಲಿ ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗದವರಿಲ್ಲ, ನಿನ್ನ ಮದುವೆಯಲ್ಲಿ ಉಣ್ಣದವರಿಲ್ಲ. ವೆಂಕಟೇಶ ಚಹಾ ಸೋಸುತ್ತಿದ್ದವನು ನನ್ನ ಮುಖ ನೋಡಿದ. ನಾನು ಏನೂ ಸನ್ನೆ ಮಾಡಲಿಲ್ಲ. ಸೋಸುವುದನ್ನು ಮುಗಿಸಿ ಹೇಳಿದ:

"ಇಂವ ಈ ಊರಿಗೇ ದೊಡ್ಡ ಸುಳ್ಳುಗಾರ ರೀ ಮೇಡಮ್. ಇವಗ ಅಕ್ಕಾನೂ ಇಲ್ಲ, ಅಕ್ಕನ ಮಗಳೂ ಇಲ್ಲ."

ಊಟದ ಹೊತ್ತೆಂದು ಬಸ್ಸು ನಿಲ್ಲಿಸಿ ಬಂದಿದ್ದ ಮೂಕಣ್ಣ, "ನನ್ನ ಬಸ್ಸಿನ್ಯಾಗ ಟಿಕೀಟು ಕೇಳಿದ್ರ ಮಂತ್ರಿಗಳ ಬೀಗ ಅಂತಾನ್ರಿ" ಎಂದ. ಅಲ್ಲಿಗೆ ಕಟ್ಟೆ ಒಡೆಯಿತು. ಅರ್ಧ ತಾಸು ನನ್ನ ಸುಳ್ಳುಗಳನ್ನು ಒಂದೊಂದಾಗಿ ಒಪ್ಪಿಸಿದರು. ಅವುಗಳಲ್ಲಿ ಕೆಲವು ನಾನು ಹೇಳಿದ್ದೇ ಅಲ್ಲ, ಆದರೂ ಚೆನ್ನಾಗಿದ್ದವು.

ಅವರು ಗಾಡಿ ಹತ್ತಿ ಹೋದ ಮೇಲೆ ವೆಂಕಟೇಶ ನನ್ನ ಮುಂದೆ ಚಹಾ ತಂದಿಟ್ಟು, "ಸಕ್ರಿ ಜಾಸ್ತಿ ಹಾಕೀನಿ, ಕುಡಿ" ಎಂದ. ಅಷ್ಟೇ.

ನಾನು ಆಡಿದ ಮಾತನ್ನು ನನ್ನ ಅಕ್ಕ ಕೇಳಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದಳು. ಹೊಡೆಯುತ್ತಿರಲಿಲ್ಲವೇನೋ.

ಈಗ ಒಂದು ಮಾತು. ಮದುವೆ ಕೂಡಿ ಬಂದರೆ ನಾನು ಬರುವುದಿಲ್ಲ. ಯಾರಾದರೂ ಒಂದು ಫೋಟೋ ಹಿಡಿದು ಹಾಕಿದರೆ ಇಷ್ಟೂ ಮಣ್ಣುಪಾಲಾಗುತ್ತದೆ. ಹೆಣ್ಣನ್ನು ಕೈಹಿಡಿದು ಕರೆತರುವುದಕ್ಕೆ ಬೇರೆ ಯಾರನ್ನಾದರೂ ನಿಲ್ಲಿಸಿಕೊಳ್ಳಿ. ನಾನು ಇಲ್ಲಿಂದಲೇ ಅಕ್ಷತೆ ಹಾಕುತ್ತೇನೆ. ನನ್ನ ಗುರಿ ನಿನಗೆ ಗೊತ್ತಲ್ಲ, ಕಂಪ್ಲಿಯಿಂದ ಎಸೆದರೂ ತಲೆಯ ಮೇಲೇ ಬೀಳುತ್ತದೆ.

ನಿನ್ನ ಮಾವ,
ಗುಡ್ಡಪ್ಪ


ಚಿತ್ತವಾಡ್ಗಿ
೨ ಸೆಪ್ಟೆಂಬರ್ ೨೦೨೩

ಮಾವ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ.

"ಮಾಜಿ ಪತ್ನಿಯ ನಕಲಿ ಮಾವ" ಎಂದು ಆ ವಿಡಿಯೋಗೆ ಹೆಸರಿಟ್ಟಿದ್ದಾರೆ. ನನ್ನ ವಿಷಯ ಒಂದು ಅಕ್ಷರವೂ ಇಲ್ಲ. ಬರೀ ನೀನು, ನಿನ್ನ ಮೊಸಳೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ನಾನು ನೋಡಿದೆ, ನನಗೆ ಆಗಲಿಲ್ಲ.

ಗುರುವಾರ ಸಂಡೂರಿಗೆ ಹೋದೆವು. ಪಕ್ಕದ ಮನೆಯ ನಿಂಗಕ್ಕ ಅದನ್ನು ಮರುಳಸಿದ್ದಮ್ಮನವರಿಗೆ ಮೊದಲೇ ತೋರಿಸಿಬಿಟ್ಟಿದ್ದರು. ನಾವು ಕೂತ ಕೂಡಲೇ ಫೋನನ್ನು ನನ್ನ ಮುಂದಿಟ್ಟು, "ಖರೆ ಹೇಳವ್ವ. ಈ ಮನುಷ್ಯಾ ಯಾರು?" ಎಂದರು.

ಜಂಬುನಾಥರು ನನ್ನನ್ನು ನೋಡಿದರು. ನಿನಗೆ ಏನೂ ಅಲ್ಲದವಳಾಗಿ ನಾನು ಆ ಮನೆಗೆ ಹೋಗಲಾರೆ ಅನಿಸಿತು. "ನನ್ನ ಸೋದರಮಾವ. ನನ್ನ ಬೆಳಸಿದೋನು" ಎಂದೆ.

ಅವರು ಫೋನನ್ನು ಬೋರಲು ಹಾಕಿ ಪಕ್ಕಕ್ಕೆ ಸರಿಸಿದರು. ಇನ್ನು ಏಳಬೇಕು ಅಂದುಕೊಂಡೆ. ಆಗ ಹೇಳಿದರು: "ನಾಕ್ ಮಂದಿ ಮುಂದ ದೊಡ್ಡಾಂವ ಅನ್ನಿಸಿಕೊಳ್ಳಾಕ ಸಾಯೋ ಮನುಷ್ಯಾ ಅಂವ, ಕಣ್ಣಾಗs ಗೊತ್ತಾಗತೈತಿ. ಅಂಥಾಂವ ನಿನ್ನ ಸಲುವಾಗಿ ಊರ ಮುಂದ ಸಣ್ಣಾಂವ ಆದ. ಅವನ ಕೈಯಾಗ ಬೆಳದಾಕಿ ನನ್ನ ಮೊಮ್ಮಗಳ ಮಾತು ಹೊರಗ ಹಾಕಂಗಿಲ್ಲ."

ಒಳಗೆ ಹೋಗಿ ಮೊರದ ತುಂಬ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಮಗಳಿಗೆಂದು ತೆಗೆದಿಟ್ಟು ಹೊಲಿಸದೇ ಉಳಿದಿದ್ದ ಒಂದು ಹಸಿರು ಕುಬುಸದ ಬಟ್ಟೆ ತಂದರು. ನಾನು ಸೆರಗು ಹಿಡಿದೆ. ತುಂಬುವಾಗ ಅಕ್ಕಿ ನೆಲಕ್ಕೆ ಚೆಲ್ಲಿತು. ಇಬ್ಬರೂ ಬಗ್ಗಿ ಆರಿಸಿದೆವು. ಆರಿಸುತ್ತಾ ಅವರು ಮಗಳ ಹೆಸರು ಹಿಡಿದು ನನ್ನನ್ನು ಕರೆದರು. ತಿದ್ದಿಕೊಳ್ಳಲಿಲ್ಲ. ನಾನು "ಹ್ಞೂಂ ಅವ್ವ" ಎಂದೆ.

ಬರುವ ಹನ್ನೊಂದನೇ ತಾರೀಖು, ಶ್ರಾವಣ ಸೋಮವಾರ, ಬೆಳಿಗ್ಗೆ, ಹಂಪಿಯಲ್ಲಿ. ಅಷ್ಟು ಜನಜಂಗುಳಿಯಲ್ಲಿ ಯಾರು ಯಾರನ್ನು ನೋಡುತ್ತಾರೆ? ವಾಲಗವಿಲ್ಲ, ಪತ್ರಿಕೆಯಿಲ್ಲ, ಫೋಟೋ ಇಲ್ಲ. ಏಳು ಜನ, ಅತ್ತೆಯೂ ಸೇರಿ; ಅವಳಿಗೆ ಇನ್ನು ಹೇಳಬಹುದು. ಏಳರಲ್ಲಿ ನೀನೊಬ್ಬ. ಇದು ನನ್ನ ಮಾತಲ್ಲ. "ಸೋದರಮಾವ ಇಲ್ದ ಹೆಣ್ಣನ್ನ ನಾ ಮನಿ ತುಂಬಿಸ್ಕೊಳ್ಳಂಗಿಲ್ಲ, ಅಂವಗ ಬರಾಕ ಹೇಳು" ಎಂದು ಸಂಡೂರಿನ ಅವ್ವನ ಅಪ್ಪಣೆ.

ನಿನ್ನ
ಸುಮಲತಾ


ಕಂಪ್ಲಿ
೧೩ ಸೆಪ್ಟೆಂಬರ್ ೨೦೨೩

ಚಿ. ಸುಮಲತಾಳಿಗೂ ಜಂಬುನಾಥನಿಗೂ ಗುಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವು ಸುಖವಾಗಿ ಊರು ಸೇರಿದೆವು. ನಿನ್ನ ಅತ್ತೆ ಬಸ್ಸಿನ ತುಂಬ ಮುಸಿಮುಸಿ ನಗುತ್ತಿದ್ದಳು. ಯಾಕೆ ಎಂದೆ. "ನನಗ ಜುಲೈ ತಿಂಗಳದಾಗs ಗೊತ್ತಿತ್ತು. ನೀವು ನಿದ್ದಿಯಾಗ ಎಲ್ಲಾ ಹೇಳೀರಿ" ಎಂದಳು. ಅವಳೂ ಎರಡು ತಿಂಗಳು ಬಾಯಿ ಬಿಟ್ಟಿಲ್ಲ. ಈ ಮನೆಯಲ್ಲಿ ನನಗಿಂತ ಗಟ್ಟಿಗರಿದ್ದಾರೆ ಎಂದು ಈಗ ತಿಳಿಯಿತು.

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಧೋತರ ಉಟ್ಟು ಬಸ್ ಹತ್ತುವಾಗ ವೆಂಕಟೇಶ ಎದುರಾದ. "ಎಲ್ಲಿಗೆ?" ಎಂದ. "ಬಾಳೆಗೊನೆಯ ವ್ಯಾಪಾರಕ್ಕೆ" ಎಂದೆ. ಮೇಲಿನಿಂದ ಕೆಳಗಿನವರೆಗೆ ನೋಡಿದ. "ಹಂಗಾರ ಹೂವು ಮುಡಿಸಿದ ಬಾಳಿನೇ ಇರಬೇಕು. ಹೋಗಿ ಬಾ" ಎಂದು ನನ್ನ ಭುಜದ ಮೇಲಿನ ಧೂಳು ಕೊಡವಿ ಕಳಿಸಿದ.

ನಿನ್ನ ಕೈ ಹಿಡಿದು ಕರೆತಂದ ಸಂಗತಿ ನಾನು ಬರೆಯುವುದಿಲ್ಲ, ನೀನೇ ಅಲ್ಲಿದ್ದೆ. ನೀನು ಕಾಣದ್ದನ್ನು ಮಾತ್ರ ಬರೆಯುತ್ತೇನೆ. ನೀವಿಬ್ಬರೂ ಸಂಡೂರಿನ ಅವ್ವ, ನಿನ್ನ ಅತ್ತೆಯ ಸಂಗಡ ಎರಡನೇ ಸಲ ಒಳಗೆ ಹೋದಿರಲ್ಲ, ಆಗ ಹಂಪಿ ಬಜಾರಿನ ಕಲ್ಲು ಮಂಟಪದಲ್ಲಿ ನಾನು, ಕಾವ್ಯ ಕೂತಿದ್ದೆವು. ಅವಳು ಬಾಳೆಹಣ್ಣು ಸುಲಿಯುತ್ತಾ ನನ್ನನ್ನೇ ನೋಡುತ್ತಿದ್ದಳು.

"ನೀವು ಮೊಬೈಲ್‌ನ್ಯಾಗ ಸುಳ್ಳು ಹೇಳೋ ಅಜ್ಜ ಅಲ್ಲಾ?"

"ಹೌದವ್ವ, ನಾನs."

"ನಮ್ಮ ಮಿಸ್ ನಿಮಗ ಏನೂ ಅಲ್ಲ ಅಂದ್ರಿ."

ನಿನಗೆ ಗೊತ್ತು, ನನಗೆ ಯಾವತ್ತೂ ಮಾತಿಗೆ ಬರವಿಲ್ಲ. ಆದರೆ ಆ ಕೂಸಿನ ಮುಂದೆ ಧೋತರದ ಚುಂಗನ್ನು ಎರಡು ಸಲ ಮಡಿಸಿ ಬಿಚ್ಚಿದೆ. ಕಡೆಗೆ, "ಅದು ಭಾಳ ದೊಡ್ಡ ಸುಳ್ಳವ್ವ. ಅಷ್ಟು ದೊಡ್ಡದು ಇನ್ನೊಂದ್ಸಲ ನನ್ನ ಕೈಲಿ ಹೇಳಾಕಾಗಂಗಿಲ್ಲ" ಎಂದೆ.

ಕಾಲು ಆಡಿಸುತ್ತಾ ಯೋಚನೆ ಮಾಡಿದಳು. ಅರ್ಧ ಹಣ್ಣು ತಿಂದು ಇನ್ನರ್ಧ ನನ್ನ ಕೈಗಿಟ್ಟಳು. ಆ ಕಡೆ ಈ ಕಡೆ ನೋಡಿ, ಕಿವಿಯ ಹತ್ತಿರ ಬಂದು ಏನೋ ಪಿಸುಗುಟ್ಟಿದಳು. ಗುಡಿಯ ಕಡೆಯಿಂದ ಜಾಗಟೆಯ ಸದ್ದು, ಜನರ ಗದ್ದಲ, ನನಗೆ ಕೇಳಿಸಲಿಲ್ಲ.

"ಏನಂದಿ?" ಎಂದೆ.

ಕಲ್ಲಿನ ಮೇಲೆ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಬಜಾರಿನ ಆ ತುದಿಗೆ ಮುಟ್ಟುವಂತೆ ಕೂಗಿದಳು:

"ನಾ ಯಾರಿಗೂ ಹೇಳಂಗಿಲ್ಲ ಅಜ್ಜಾ!"

ಅಷ್ಟೊಂದು ಜನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಇತಿ,
ಕಾವ್ಯಳ ಅಜ್ಜ
ಗುಡ್ಡಪ್ಪ